ಕಾಲು ನಂಬಿ ಕೆಟ್ಟ ಕಥೆ

ಭರಣಿ ಮಳೆ ಬಿದ್ದ ಸಂಜೆ ಮೂಡಿಗೆರೆ ಕಡೆ ಜಗಲಿ ದೀಪ ಹಾಕಿದರೆ ಸಾಕು, ಟಪಟಪ ಅಂತ ದುಂಬಿಗಳು ಬಂದು ಬೀಳುತ್ತವೆ. ಬೆಳಗ್ಗೆ ಗುಡಿಸಿ ಹಾಕುವ ಮೊದಲು ಒಂದನ್ನು ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮೀಸೆಯ ತುದಿಯಲ್ಲಿ ಪುಟ್ಟ ಪುಸ್ತಕದ ಹಾಗೆ ಮೂರ್ನಾಲ್ಕು ಹಾಳೆ ಇದೆಯಾ? ವಾಸನೆ ಹಿಡಿಯುವಾಗ ಬಿಚ್ಚುತ್ತದೆ, ಆಮೇಲೆ ಒತ್ತಾಗಿ ಮುಚ್ಚಿಕೊಳ್ಳುತ್ತದೆ. ಹಾಗಿದ್ದರೆ ಅದು ಸ್ಕಾರಬ್ ದುಂಬಿ. ಸಗಣಿ ಉರುಳಿಸುವುದು, ತೆಂಗಿನ ಸುಳಿ ಕೊರೆಯುವುದು, ಗೊಣ್ಣೆಹುಳುವಿನಿಂದ ಹುಟ್ಟುವ ಕಂದು ದುಂಬಿ, ಎಲ್ಲ ಒಂದೇ ಬಳಗ.

1758ರಲ್ಲಿ, ಜೀವಿಗಳಿಗೆ ಹೆಸರಿಡುವ ಪದ್ಧತಿ ಹಾಕಿಕೊಟ್ಟ ಲಿನೇಯಸ್ ಇವನ್ನೆಲ್ಲ 'ಸ್ಕಾರಬೇಯಸ್' ಎಂಬ ಒಂದೇ ಹೆಸರಿನಡಿ ತುಂಬಿದ. ಜಿಂಕೆಕೊಂಬಿನಂಥ ದವಡೆಯ ಸ್ಟ್ಯಾಗ್ ದುಂಬಿಯೂ ಅದರಲ್ಲೇ ಇತ್ತು. 1763ರಲ್ಲಿ ಸ್ಕೊಪೊಲಿ ಎಂಬ ನಿಸರ್ಗತಜ್ಞ ಅದನ್ನು ಹೊರಗೆ ತೆಗೆದು 'ಲುಕಾನಸ್' ಎಂದು ಕರೆದ. ಸರಿಯೇ ಇತ್ತು. ಸ್ಟ್ಯಾಗ್ ದುಂಬಿಯ ಮೀಸೆ ಮೊಣಕೈ ಥರ ಬಗ್ಗಿರುತ್ತದೆ, ಹಾಳೆಗಳು ಒತ್ತಾಗಿ ಮುಚ್ಚುವುದಿಲ್ಲ. 1847ರಲ್ಲಿ ಎರಿಕ್ಸನ್ ಎಂಬ ಕೀಟತಜ್ಞ ಹೊಟ್ಟೆಯ ಉಸಿರುರಂಧ್ರ ಎಲ್ಲಿವೆ ಅಂತ ನೋಡಿ ಇಡೀ ಬಳಗವನ್ನು ಎರಡು ಪಾಲು ಮಾಡಿದ. ಅದರಲ್ಲಿ ಒಂದು ಪಾಲು ಇಂದಿಗೂ ನಿಂತಿದೆ, ಇನ್ನೊಂದು ಒಡೆದುಹೋಗಿದೆ.

ನನಗೆ ಜಾಸ್ತಿ ಮಜಾ ಅನಿಸುವುದು ಸಗಣಿ ದುಂಬಿಗಳ ವಿಷಯ. ಉಂಡೆ ಉರುಳಿಸುವವಕ್ಕೆ ಹಿಂಗಾಲು ಉದ್ದ, ಸಣಕಲು. ಸಗಣಿಯ ಕೆಳಗೇ ಬಿಲ ತೋಡುವವಕ್ಕೆ ಕಾಲು ಗಿಡ್ಡ, ದಪ್ಪ. ಉದ್ದ ಕಾಲಿನವೆಲ್ಲ ಒಂದು ಮನೆತನ ಎಂದು ಬಹಳ ಕಾಲ ನಂಬಿದ್ದರು. ಡಿಎನ್‌ಎ ನೋಡಿದಾಗ ಲೆಕ್ಕ ತಪ್ಪಿತು. ಉರುಳಿಸುವ ಕಸುಬನ್ನು ಬೇರೆ ಬೇರೆ ಮನೆತನಗಳು ಬೇರೆ ಬೇರೆಯಾಗಿ ಕಲಿತಿವೆ, ಕಸುಬಿಗೆ ತಕ್ಕ ಕಾಲೂ ಬಂದಿದೆ. ಮರ ಹತ್ತುವವರ ಅಂಗಾಲೆಲ್ಲ ಒಂದೇ ಥರ ಒರಟು, ಹಾಗಂತ ಅವರೆಲ್ಲ ದಾಯಾದಿಗಳೇ? ಅಲ್ವಲ್ಲ!

ಹಾಗಾಗಿ ತಜ್ಞರ ಕಣ್ಣು ದುಡಿಮೆಗೆ ಸಿಗದ ಮೈಯ ಮೂಲೆಗಳ ಮೇಲೆ. ಅಚ್ಚೊತ್ತಿದಂತೆ ಕಾಣುವ ಎರಡು ಕಂದು ದುಂಬಿಗಳನ್ನು ಗಂಡಿನ ಜನನಾಂಗದ ಆಕಾರ ಬೇರೆ ಮಾಡಿಕೊಡುತ್ತದೆ. ಮರಿಗಳಿಗೂ ಗುರುತಿದೆ. ಹಾಸನದ ಆಲೂಗಡ್ಡೆ ಹೊಲ ಅಗೆದಾಗ ಸಿಕ್ಕ ಗೊಣ್ಣೆಹುಳುವನ್ನು ಅಂಗೈ ಮೇಲೆ ಅಂಗಾತ ಹಾಕಿ, ಬಾಲದ ತುದಿಯ ಕೆಳಮೈ ನೋಡಿ. ಅಲ್ಲಿ ಮುಳ್ಳುಕೂದಲು ಸಾಲುಗಟ್ಟಿರುತ್ತದೆ, ಇಲ್ಲವೇ ಚೆಲ್ಲಾಪಿಲ್ಲಿಯಾಗಿರುತ್ತದೆ. ಗುದದ ಸೀಳು ಕೆಲವು ಗುಂಪುಗಳಲ್ಲಿ ಅಡ್ಡಗೆರೆ, ಕೆಲವದರಲ್ಲಿ ಕವಲೊಡೆದ ಕಡ್ಡಿಯ ಹಾಗೆ. ಮೇಲಿಂದ ನೋಡಿದರೆ ಮಾತ್ರ ಎಲ್ಲವೂ ಅದೇ ಬಿಳಿ ಹುಳು.