ತಟ್ಟೆ ಇಡ್ಲಿ ಬೇಯಿಸುವ ಕಾಣದ ಹಬೆ

ತುಮಕೂರಿನ ಕ್ಯಾತ್ಸಂದ್ರದ ಹೋಟೆಲಿನಲ್ಲಿ ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹತ್ತಿರ ನಿಂತು ನೋಡಿ. ಬುಸ್ಸೆಂದು ಬೆಳ್ಳಗೆ ಏಳುತ್ತದಲ್ಲ, ಅದನ್ನು ನಾವೆಲ್ಲ ಹಬೆ ಅನ್ನುತ್ತೇವೆ. ಅದು ಹಬೆಯಲ್ಲ, ತಣ್ಣನೆ ಗಾಳಿ ಸೋಕಿ ಆಗಲೇ ನೀರಾಗಿಬಿಟ್ಟ ಸಣ್ಣ ಹನಿಗಳು. ನಂದಿ ಬೆಟ್ಟದಲ್ಲಿ ಮುಂಜಾನೆ ಮುಖಕ್ಕೆ ತಾಕುವ ಮಂಜೂ ಅಂಥದ್ದೇ. ನಿಜವಾದ ಹಬೆ ಕಣ್ಣಿಗೆ ಕಾಣದು. ಕುಕ್ಕರ್ ವಿಸಿಲ್ ಕೂಗುವಾಗ ಗಮನಿಸಿ: ತೂತಿಗೂ ಬಿಳಿ ಬುಗ್ಗೆಗೂ ನಡುವೆ ಚೂರು ಖಾಲಿ ಜಾಗ ಇರುತ್ತದೆ. ಹಬೆ ಇರುವುದು ಆ ಖಾಲಿಯಲ್ಲಿ.

ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಕುದಿ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿ, ನೀರು ಅದಕ್ಕಿಂತ ಬಿಸಿಯಾಗದು. ಒಲೆಯ ಶಾಖ ಹೋಯಿತೆಲ್ಲಿಗೆ? ಒಂದನ್ನೊಂದು ಹಿಡಿದುಕೊಂಡ ನೀರಿನ ಅಣುಗಳನ್ನು ಬಿಡಿಸುವುದಕ್ಕೆ. 1 ಗ್ರಾಂ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು 72 ಕ್ಯಾಲರಿ ಸಾಕು. ಅದನ್ನೇ ಹಬೆ ಮಾಡಲು ಸುಮಾರು 540 ಬೇಕು. ಏಳು ಪಟ್ಟಿಗೂ ಹೆಚ್ಚು! ಥರ್ಮಾಮೀಟರಿಗೆ ಸಿಗದ ಈ ಶಾಖವೇ ಗುಪ್ತೋಷ್ಣ.

ಚೀಟಿಗೆ ಕಟ್ಟಿದ ದುಡ್ಡಿನ ಹಾಗೆ ಇದು. ಕಟ್ಟುವಾಗ ಕೈಯಲ್ಲೇನೂ ಕಾಣದು, ಎತ್ತಿದ ದಿನ ಇಡೀ ಗಂಟು ಬರುತ್ತದೆ. ಹಬೆ ತಣ್ಣನೆ ಹಿಟ್ಟಿಗೆ ತಾಗಿ ನೀರಾದ ಕ್ಷಣ ಆ 540 ಕ್ಯಾಲರಿಯನ್ನೂ ಅಲ್ಲೇ ಇಳಿಸಿಬಿಡುತ್ತದೆ. ಅದರಲ್ಲೂ ಎಲ್ಲಿ ಹೆಚ್ಚು ತಣ್ಣಗಿದೆಯೋ ಅಲ್ಲೇ ಹೆಚ್ಚು ಹಬೆ ನೀರಾಗುತ್ತದೆ. ಸಿದ್ಧಗಂಗೆಯ ದಾಸೋಹದಲ್ಲಿ ಬಡಿಸುವವರು ಖಾಲಿ ತಟ್ಟೆ ಕಂಡಲ್ಲಿಗೇ ಮೊದಲು ಹೋಗುವುದಿಲ್ಲವೇ, ಹಾಗೆ! ಅಷ್ಟು ಅಗಲದ ಇಡ್ಲಿ ಒಂದೇ ಹದದಲ್ಲಿ ಬೇಯುವುದು ಇದರಿಂದಲೇ.

ಈ ಗುಪ್ತೋಷ್ಣವನ್ನು ಮೊದಲು ಅಳೆದದ್ದು 1760ರ ದಶಕದ ಆರಂಭದಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್. ಕುದಿ ಬಂದ ನೀರಿಗೆ ಇನ್ನೊಂದಿಷ್ಟು ಶಾಖ ಕೊಟ್ಟರೆ ಸಾಕು, ಎಲ್ಲ ಆವಿಯಾಗುತ್ತದೆ ಎಂದು ಆಗಿನವರು ನಂಬಿದ್ದರು. ಹಾಗಿದ್ದರೆ ಪಾತ್ರೆಯ ನೀರೆಲ್ಲ ಒಟ್ಟಿಗೇ ಮದ್ದಿನಂತೆ ಸಿಡಿಯಬೇಕಿತ್ತು ಎಂದು ಯೋಚಿಸಿದವರು ಬ್ಲ್ಯಾಕ್. ಕಾದ ಕಬ್ಬಿಣದ ಮೇಲೆ ನೀರಿಟ್ಟರು. ಕುದಿಯಲು 4 ನಿಮಿಷ ಹಿಡಿಯಿತು, ಪೂರ್ತಿ ಆವಿಯಾಗಿ ಹೋಗಲು 20ರ ಸುಮಾರು. ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ ಜೇಮ್ಸ್ ವ್ಯಾಟ್, ಹಬೆಯು ತನ್ನ ತೂಕದ ಆರು ಪಟ್ಟು ತಣ್ಣೀರನ್ನು ಕುದಿಗೆ ತರುವುದನ್ನು ಕಂಡು ಬೆರಗಾದಾಗ, ಕಾರಣ ವಿವರಿಸಿದವರೂ ಬ್ಲ್ಯಾಕ್ ಅವರೇ.

ಮುಚ್ಚಳದ ಸಂದಿಯಿಂದ ಹಬೆ ನುಗ್ಗತೊಡಗಿದರೆ ಇಡ್ಲಿಗೆ ಬೇಕಾದಷ್ಟು ಸಿಗುತ್ತಿದೆ ಎಂದರ್ಥ. ಆಮೇಲೂ ಉರಿ ಏರಿಸಿದರೆ ಗ್ಯಾಸು ದಂಡ.

ಮುಚ್ಚಳವನ್ನು ನಿಮ್ಮ ಕಡೆಗೆ ಎತ್ತಬೇಡಿ. ಅದೇ ಗಂಟು ಚರ್ಮದ ಮೇಲೂ ಇಳಿಯುತ್ತದೆ. ನಮ್ಮಮ್ಮನ ಮುಂಗೈ ಹಾಗೆ ಸುಟ್ಟಾಗ ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಚ್ಚಲು ಓಡಿ ಬಂದರು. ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ. ನಲ್ಲಿ ಬಿಟ್ಟು, ಹರಿಯುವ ನೀರಿಗೆ 20 ನಿಮಿಷ ಕೈ ಹಿಡಿಯಿರಿ. ಒಳಗಿಳಿದ ಶಾಖವನ್ನು ಹೊತ್ತೊಯ್ಯುವುದು ಆ ನೀರು.