ಪಿಯಾನೋ ವಾದಕರು ಸ್ವರಲಿಪಿ ನೋಡದೆ ನುಡಿಸುವುದೇಕೆ? ನಡುವೆ ಮರೆತರೆ ಏನು ಮಾಡುತ್ತಾರೆ?

ಪ್ರಶ್ನೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿಗಳಲ್ಲಿ ವಾದ್ಯವೃಂದದ ಎಲ್ಲರ ಮುಂದೆಯೂ ಸ್ವರಲಿಪಿಯ ಹಾಳೆಗಳಿರುತ್ತವೆ, ಪಿಯಾನೋ ನುಡಿಸುವವರ ಮುಂದೆ ಮಾತ್ರ ಏನೂ ಇರುವುದಿಲ್ಲ. ಅಷ್ಟು ದೀರ್ಘವಾದ ಕೃತಿಗಳು ಅವರಿಗೆ ಹೇಗೆ ನೆನಪಿರುತ್ತವೆ? ಮರೆತುಹೋದರೆ ಗತಿಯೇನು?

ಉತ್ತರ: ಮೊದಲಿಗೆ ಹೇಳಬೇಕಾದದ್ದೆಂದರೆ, ಇದು ನಿಯಮವಲ್ಲ, ರೂಢಿ, ಅದೂ ಅಷ್ಟೇನೂ ಹಳೆಯದಲ್ಲ. 19ನೇ ಶತಮಾನದ ಆರಂಭದಲ್ಲಿ ಇನ್ನೊಬ್ಬರು ರಚಿಸಿದ ಕೃತಿಯನ್ನು ಹಾಳೆಯಿಲ್ಲದೆ ನುಡಿಸುವುದು ಉದ್ಧಟತನವೆಂದೇ ಅನೇಕರಿಗೆ ತೋರುತ್ತಿತ್ತು. 1837ರಲ್ಲಿ, ಇನ್ನೂ 20 ತುಂಬದ ಪಿಯಾನೋ ವಾದಕಿ ಕ್ಲಾರಾ ವೀಕ್ ಬರ್ಲಿನ್ನಿನಲ್ಲಿ ಬೀಥೋವನ್ನರ ಸೊನಾಟಾವನ್ನು (ಹಲವು ಭಾಗಗಳ ವಾದ್ಯಕೃತಿ) ನೆನಪಿನಿಂದ ನುಡಿಸಿದಾಗ, ಲೇಖಕಿ ಬೆಟಿನಾ ಫಾನ್ ಆರ್ನಿಮ್ ಆಕೆಯದು ದೊಡ್ಡಸ್ತಿಕೆಯ ಪ್ರದರ್ಶನವೆಂದು ಮೂಗು ಮುರಿದರು. ಮುಂದೆ ಕ್ಲಾರಾ ಶೂಮನ್ ಎಂದು ಹೆಸರಾದ ಆಕೆಯೂ, 1840ರಲ್ಲಿ ಲಂಡನ್ನಿನ ತಮ್ಮ ಏಕವ್ಯಕ್ತಿ ಕಛೇರಿಗಳಿಗೆ 'ರಿಸೈಟಲ್' ಎಂಬ ಹೆಸರನ್ನು ಬಳಕೆಗೆ ತಂದ ಫ್ರಾನ್ಜ್ ಲಿಸ್ಟ್ ಅವರೂ ಈ ರೂಢಿಯನ್ನು ನೆಲೆಗೊಳಿಸಿದವರಲ್ಲಿ ಪ್ರಮುಖರು. ಒಂದೆರಡು ತಲೆಮಾರಿನೊಳಗೆ ಮಾತು ತಿರುಗುಮುರುಗಾಯಿತು: ಹಾಳೆಯಿಟ್ಟುಕೊಂಡು ನುಡಿಸುವವರನ್ನೇ ಅನುಮಾನದಿಂದ ನೋಡುವಂತಾಯಿತು.

ಇದಕ್ಕೆ ಪ್ರಾಯೋಗಿಕ ಕಾರಣವೂ ಉಂಟು. ಎರಡು ಕೈಗಳೂ ಬಿಡುವಿಲ್ಲದೆ ದುಡಿಯುತ್ತಿರುವಾಗ ಪುಟ ತಿರುಗಿಸುವುದು ಕಷ್ಟ. ಕೈಗಳು 88 ಕೀಲಿಗಳ ಈ ತುದಿಯಿಂದ ಆ ತುದಿಗೆ ಹಾರುವಾಗ ಕಣ್ಣು ಕೀಲಿಗಳ ಮೇಲಿರಬೇಕೇ ಹೊರತು ಹಾಳೆಯ ಮೇಲಲ್ಲ. ಆದರೂ ಪಿಟೀಲು, ಚೆಲ್ಲೊ ವಾದಕರ ಜೊತೆ ನುಡಿಸುವಾಗ ಇದೇ ಪಿಯಾನೋ ವಾದಕರು ಯಾವ ಸಂಕೋಚವೂ ಇಲ್ಲದೆ ಹಾಳೆಯಿಟ್ಟುಕೊಳ್ಳುತ್ತಾರೆ ಮತ್ತು ಪುಟ ತಿರುಗಿಸಲು ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.

ಇನ್ನು ನೆನಪಿನ ವಿಷಯ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಬೆರಳುಗಳ ಅಭ್ಯಾಸಬಲವೆಂದು ತೋರುತ್ತದೆ, ಆದರೆ ವಾದಕರು ಎಲ್ಲಕ್ಕಿಂತ ಕಡಿಮೆ ನಂಬುವುದು ಅದನ್ನೇ. ಪದ್ಯವನ್ನು ಬಾಯಿಪಾಠ ಮಾಡಿದ ಮಗುವಿಗೆ ಐದನೆಯ ಸಾಲಿನಿಂದ ಹೇಳು ಎಂದರೆ ಅದು ಮನಸ್ಸಿನಲ್ಲೇ ಮೊದಲ ಸಾಲಿನಿಂದ ಓಡಿಬರುತ್ತದಲ್ಲ, ಬೆರಳುಗಳ ನೆನಪೂ ಹಾಗೆಯೇ. ಒಂದು ಕೊಂಡಿ ಕಳಚಿದರೆ ಮುಂದಿನದು ಕೈಗೆ ಸಿಗುವುದಿಲ್ಲ. ಆದ್ದರಿಂದ ಕಿವಿಯ ನೆನಪು, ಹಾಳೆಯ ಮೇಲೆ ಆ ಸಾಲು ಎಲ್ಲಿತ್ತೆಂಬ ಕಣ್ಣಿನ ನೆನಪು, ಎಲ್ಲಕ್ಕಿಂತ ಮಿಗಿಲಾಗಿ ಕೃತಿಯ ಕಟ್ಟಡದ ಅರಿವು, ಇವೆಲ್ಲವೂ ಬೆರಳಿಗೆ ಒತ್ತಾಸೆಯಾಗಿ ನಿಲ್ಲಬೇಕು.

ಕಟ್ಟಡದ ಅರಿವು ಏಕೆ ಬೇಕೆಂಬುದಕ್ಕೆ, ಕಲಿಯುವ ಮಕ್ಕಳೂ ನುಡಿಸುವ ಮೊಜಾರ್ಟರ 1788ರ ಸಿ ಮೇಜರ್ (ಸಿ ಸ್ವರವನ್ನು ನೆಲೆಯಾಗಿಸಿಕೊಂಡ ಸ್ವರಶ್ರೇಣಿ) ಸೊನಾಟಾವನ್ನೇ (ಮೊಜಾರ್ಟರ ಕೃತಿಪಟ್ಟಿಯಲ್ಲಿ ಕೆ. 545) ನೋಡಬಹುದು. ಅದರ ಮೊದಲ ಭಾಗದಲ್ಲಿ ಎರಡನೆಯ ಮಟ್ಟು ಮೊದಲ ಸಲ ಜಿ ಮೇಜರಿನಲ್ಲಿ ಬರುತ್ತದೆ. ಕೊನೆಗೆ ಅದೇ ಮಟ್ಟು ಮರಳಿ ಬಂದಾಗ ಸಿ ಮೇಜರಿನಲ್ಲಿರುತ್ತದೆ. ಅದರ ಹೊಸ್ತಿಲಿಗೆ ಕರೆತರುವ ಸ್ವರಗಳು ಎರಡು ಕಡೆಯೂ ಬಹುಮಟ್ಟಿಗೆ ಒಂದೇ. ಬೆರಳಿಗೆ ಎರಡು ದಾರಿಯೂ ಗೊತ್ತು, ಆದರೆ ಇದು ಎಷ್ಟನೆಯ ಸಲ ಎಂಬುದು ಗೊತ್ತಿಲ್ಲ. ಅದನ್ನು ಬುದ್ಧಿ ಹೇಳಬೇಕು. ಹೇಳದಿದ್ದರೆ ಎರಡನೆಯ ಸಲವೂ ಕೈ ಜಿ ಮೇಜರಿಗೇ ಹೊರಳಿ, ಮುಗಿಯಬೇಕಾದ ಸಂಗೀತ ನಡುದಾರಿಗೆ ವಾಪಸಾಗಿ ನಿಂತುಬಿಡುತ್ತದೆ. ವೇದಿಕೆಯ ಮರೆವುಗಳಲ್ಲಿ ಇಂಥ ಕವಲುದಾರಿಯ ತಪ್ಪುಗಳು ಬಹಳ ಸಾಮಾನ್ಯ.

ಈ ಅಪಾಯಕ್ಕೆ ಸಿದ್ಧತೆ ವೇದಿಕೆಗೆ ಬರುವ ಎಷ್ಟೋ ದಿನ ಮುಂಚೆಯೇ ನಡೆದಿರುತ್ತದೆ. ಕೃತಿಯುದ್ದಕ್ಕೂ ಅಲ್ಲಲ್ಲಿ ತಂಗುದಾಣಗಳನ್ನು ಗುರುತಿಟ್ಟುಕೊಂಡು, ಯಾವುದನ್ನು ಹೆಸರಿಸಿದರೂ ಅಲ್ಲಿಂದಲೇ ನೇರವಾಗಿ ಆರಂಭಿಸುವಂತೆ ಅಭ್ಯಾಸ ಮಾಡುತ್ತಾರೆ. ಎಡಗೈಯನ್ನಷ್ಟೇ ನೆನಪಿನಿಂದ ನುಡಿಸಿ ನೋಡುತ್ತಾರೆ. ಅತಿ ನಿಧಾನವಾಗಿ ನುಡಿಸಿ ಪರೀಕ್ಷಿಸುತ್ತಾರೆ, ಏಕೆಂದರೆ ವೇಗ ಇಳಿದೊಡನೆ ಬೆರಳುಗಳ ಓಘ ಸಹಾಯಕ್ಕೆ ಬಾರದೆ ತಿಳಿವಿನ ತೂತುಗಳೆಲ್ಲ ಬಯಲಾಗುತ್ತವೆ. ವೇದಿಕೆಯ ಮೇಲೆ ಮರೆತಾಗ ಹಿಂದಕ್ಕೆ ಹೋಗದೆ ಮುಂದಿನ ತಂಗುದಾಣಕ್ಕೆ ಜಿಗಿಯುವುದು ವಾಡಿಕೆ. ಕೇಳುಗರಲ್ಲಿ ಎಷ್ಟೋ ಮಂದಿಗೆ ಇದು ತಿಳಿಯುವುದೂ ಇಲ್ಲ.

ಇಂಥ ನೆನಪು ಎಷ್ಟು ಆಳಕ್ಕೆ ಇಳಿದಿರಬಲ್ಲದೆಂಬುದನ್ನು ಪೋರ್ಚುಗಲ್ಲಿನ ಮರಿಯಾ ಜುವಾವ್ ಪಿರೆಶ್ ಅವರ ಪ್ರಸಂಗ ತೋರಿಸುತ್ತದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಮಧ್ಯಾಹ್ನ ರಿಕಾರ್ಡೊ ಶಾಯಿ ಅವರ ನಿರ್ದೇಶನದಲ್ಲಿ ವಾದ್ಯವೃಂದ ಮೊಜಾರ್ಟರ ಡಿ ಮೈನರ್ ಕನ್ಸರ್ಟೊವನ್ನು (ಒಬ್ಬ ಮುಖ್ಯ ವಾದಕರು ವಾದ್ಯವೃಂದದ ಜೊತೆ ನುಡಿಸುವ ಕೃತಿ) ಆರಂಭಿಸಿತು. ಪಿರೆಶ್ ಸಿದ್ಧವಾಗಿ ಬಂದಿದ್ದುದು ಬೇರೊಂದು ಕನ್ಸರ್ಟೊಗೆ. ಮುಖದ ಮೇಲೆ ದಿಗಿಲು ಮೂಡಿತು. ಪಿಯಾನೋ ಪ್ರವೇಶಿಸುವ ಮುನ್ನ ವಾದ್ಯವೃಂದ ನುಡಿಸುವ ಎರಡು ನಿಮಿಷಕ್ಕೂ ಮಿಕ್ಕಿದ ಪೀಠಿಕೆಯೇ ಅವರಿಗೆ ದೊರೆತ ಕಾಲಾವಕಾಶ. ಶಾಯಿ ಕೈ ಆಡಿಸುತ್ತಲೇ ಧೈರ್ಯ ತುಂಬಿದರು. ಸರದಿ ಬಂದಾಗ ಪಿರೆಶ್ ಹಾಳೆಯಿಲ್ಲದೆಯೇ ನುಡಿಸಿದರು. ಇದನ್ನು ಪವಾಡವೆಂದು ಕೊಂಡಾಡುವವರಿದ್ದಾರೆ. ನನಗೆ ಕಾಣುವುದು ಹಿಂದೆ ಎಷ್ಟೋ ಬಾರಿ ನುಡಿಸಿದ್ದ ಕೃತಿಯ ಗಟ್ಟಿ ಅಡಿಪಾಯ.

ವಯಸ್ಸಾದಂತೆ ಈ ಭಾರ ಹೆಚ್ಚುತ್ತದೆ. ರೂಢಿಯನ್ನು ಬೆಳೆಸಿದ ಕ್ಲಾರಾ ಶೂಮನ್ ಅವರನ್ನೇ ಮುಂದೆ ಮರೆವಿನ ಭಯ ಕಾಡಿತು. ರಷ್ಯಾದ ಸ್ವಿಯಾತೊಸ್ಲಾವ್ ರಿಕ್ಟರ್ ಅವರಿಗೆ ಇಳಿವಯಸ್ಸಿನಲ್ಲಿ ಸ್ವರಗಳು ಇರುವುದಕ್ಕಿಂತ ಎತ್ತರದ ಶ್ರುತಿಯಲ್ಲಿ ಕೇಳಿಸತೊಡಗಿದವು. ಬೆರಳು ಒಂದು ಸ್ವರವನ್ನು ಒತ್ತಿದರೆ ಕಿವಿ ಇನ್ನೊಂದನ್ನು ಹೇಳುವ ಈ ಸ್ಥಿತಿಯಲ್ಲಿ ನೆನಪನ್ನು ನೆಚ್ಚುವುದು ಅಸಾಧ್ಯವಾಗಿತ್ತು. ಅವರು ಸಭಾಂಗಣವನ್ನು ಕತ್ತಲಾಗಿಸಿ, ಹಾಳೆಯ ಮೇಲೆ ಮಾತ್ರ ಸಣ್ಣ ದೀಪ ಇರಿಸಿಕೊಂಡು ನುಡಿಸತೊಡಗಿದರು. ಆರ್ಥರ್ ರೂಬಿನ್‌ಸ್ಟೈನ್ ಅವರಿಗೆ ಆ ಆಯ್ಕೆಯೂ ಇರಲಿಲ್ಲ. 1976ರಲ್ಲಿ, 89ನೆಯ ವಯಸ್ಸಿನಲ್ಲಿ, ಲಂಡನ್ನಿನ ವಿಗ್ಮೋರ್ ಹಾಲಿನಲ್ಲಿ ಕೊನೆಯ ಕಛೇರಿ ನೀಡುವ ಹೊತ್ತಿಗೆ ಅವರ ದೃಷ್ಟಿ ಎಷ್ಟು ಕುಂದಿತ್ತೆಂದರೆ, ಹಾಳೆಯನ್ನು ಎದುರಿಗಿಟ್ಟಿದ್ದರೂ ಅವರಿಗದು ಕಾಣುತ್ತಿರಲಿಲ್ಲ.