ರಾಷ್ಟ್ರಪತಿಯಲ್ಲಿರುವ ‘ಪತಿ’ ಯಾರು?

2007ರಲ್ಲಿ ಪ್ರತಿಭಾ ಪಾಟೀಲ್ ಅವರ ಹೆಸರು ರಾಷ್ಟ್ರಪತಿ ಸ್ಥಾನಕ್ಕೆ ಬಂದಾಗ ದೇಶಕ್ಕೆ ಒಂದು ವ್ಯಾಕರಣದ ತಲೆನೋವು ಶುರುವಾಯಿತು. ಹೆಂಗಸನ್ನು ‘ಪತಿ’ ಅನ್ನುವುದು ಹೇಗೆ? ಹೊಸ ಪದ ಬೇಕು ಎಂದು ಕೆಲವರು, ಇದ್ದದ್ದೇ ಇರಲಿ ಎಂದು ಕೆಲವರು. ಜುಲೈ 25ರಂದು ಅವರು ಪ್ರಮಾಣವಚನ ತೆಗೆದುಕೊಂಡರು, ಪದ ಹಾಗೇ ಉಳಿಯಿತು. ಸರಿಯಾಗಿ ಹದಿನೈದು ವರ್ಷಕ್ಕೆ, ಅದೇ ಜುಲೈ 25ಕ್ಕೆ, ದ್ರೌಪದಿ ಮುರ್ಮು ಬಂದರು. ಮೂರೇ ದಿನದಲ್ಲಿ ಸಂಸತ್ತಿನಲ್ಲಿ ಗಲಾಟೆ. ವಿರೋಧ ಪಕ್ಷದ ನಾಯಕರೊಬ್ಬರ ಬಾಯಿಂದ ‘ರಾಷ್ಟ್ರಪತ್ನಿ’ ಎಂಬ ಮಾತು ಬಂದಿತ್ತು. ಬಾಯಿ ತಪ್ಪಿತು ಎಂದರು, ಕೊನೆಗೆ ಕಾಗದ ಬರೆದು ಕ್ಷಮೆ ಕೇಳಿದರು.

ಇಷ್ಟೆಲ್ಲ ರಗಳೆ ಎಬ್ಬಿಸಿದ ಈ ‘ಪತಿ’ ಯಾರು ಅಂತ ಸ್ವಲ್ಪ ನೋಡೋಣ.

ಪತಿ ಎಂದರೆ ಮೂಲದಲ್ಲಿ ಒಡೆಯ, ಕಾಯುವವನು. ಗಂಡ ಎಂಬ ಅರ್ಥ ಅದರಿಂದಲೇ ಬಂತು: ಮನೆಯ ಒಡೆಯನೇ ಹೆಂಡತಿಯ ಗಂಡ ಅಲ್ವಾ, ಆ ಲೆಕ್ಕ. ಆದರೆ ಹಳೆಯ ಅರ್ಥ ಎಲ್ಲಿಗೂ ಹೋಗಿಲ್ಲ. ಗಣಪತಿ ಗಣಗಳ ಒಡೆಯ. ಸೇನಾಪತಿ ಸೇನೆಗೆ. ವನಸ್ಪತಿ ಅಂದರೆ ಕಾಡಿನ ಒಡೆಯ, ಅಂದರೆ ದೊಡ್ಡ ಮರ. ಅದು ಕೊನೆಗೆ ಡಬ್ಬದಲ್ಲಿ ಕೂತ ಡಾಲ್ಡಾಗೆ ಹೆಸರಾಯಿತು, ಪಾಪ. ದಂಪತಿ ಎಂಬಲ್ಲಿ ‘ದಂ’ ಎಂದರೆ ಮನೆ. ಮನೆಗೆ ಇಬ್ಬರು ಒಡೆಯರು ಎಂದು ವೇದದ ಕಾಲದ ಭಾಷೆಯೇ ಒಪ್ಪಿಕೊಂಡಿತ್ತು. ಕೋಟ್ಯಧಿಪತಿ ಎಂದಾಗ ಕೋಟಿ ರೂಪಾಯಿಯ ಗಂಡ ಎಂದು ಯಾರಿಗೂ ಅನಿಸುವುದಿಲ್ಲ. ಆಟದಲ್ಲಿ ಹೆಂಗಸು ಗೆದ್ದರೂ ಅವರು ಕೋಟ್ಯಧಿಪತಿಯೇ. ಅಲ್ಲಿ ಏಳದ ಪ್ರಶ್ನೆ ರಾಷ್ಟ್ರಪತಿ ಭವನದ ಬಾಗಿಲಲ್ಲಿ ಮಾತ್ರ ಏಳುತ್ತದೆ.

ಸಂಸ್ಕೃತಕ್ಕೆ ವ್ಯಾಕರಣ ಬರೆದ ಪಾಣಿನಿಯನ್ನು ಕೇಳಿದರೆ ಏನು ಹೇಳುತ್ತಾನೆ? ಅವನ ಒಂದು ಸೂತ್ರ ‘ಪತ್ಯುರ್ನೋ ಯಜ್ಞಸಂಯೋಗೇ’. ಯಜ್ಞದ ಸಂಬಂಧ ಇದ್ದಾಗ ಪತಿ ಎಂಬುದು ಹೆಣ್ಣಿಗೆ ‘ಪತ್ನಿ’ ಆಗುತ್ತದೆ. ಅಂದರೆ ಪತ್ನಿ ಎಂದರೆ ಸುಮ್ನೆ ಹೆಂಡತಿ ಅಲ್ಲ, ಯಜ್ಞದಲ್ಲಿ ಪಾಲಿರುವವಳು. ಅದರ ಬೆನ್ನಿಗೇ ಇನ್ನೊಂದು ಸೂತ್ರ ಇದೆ, ‘ವಿಭಾಷಾ ಸಪೂರ್ವಸ್ಯ’. ಪತಿಗೆ ಮುಂಚೆ ಇನ್ನೊಂದು ಪದ ಸೇರಿದ್ದರೆ ಹೆಣ್ಣಿಗೂ ‘ಪತಿ’ ಎಂದೇ ಇಟ್ಟುಕೊಳ್ಳಬಹುದು, ಬೇಕಿದ್ದರೆ ‘ಪತ್ನಿ’ ಎನ್ನಬಹುದು. ಮನೆಯ ಒಡತಿ ಗೃಹಪತಿಯೂ ಹೌದು, ಗೃಹಪತ್ನಿಯೂ ಹೌದು. ಹಾಗಾಗಿ ಮುರ್ಮು ಅವರನ್ನು ರಾಷ್ಟ್ರಪತಿ ಎನ್ನುವುದಕ್ಕೆ ಪಾಣಿನಿಯ ತಕರಾರಿಲ್ಲ. ಇನ್ನೂ ತಮಾಷೆ ಎಂದರೆ ‘ರಾಷ್ಟ್ರಪತ್ನಿ’ಗೂ ಅವನ ಪುಸ್ತಕದಲ್ಲಿ ಜಾಗ ಇದೆ. ಆದರೆ ಪಾಣಿನಿಯ ಪತ್ನಿ ಬೇರೆ, ನಮ್ಮ ಬಾಯಲ್ಲಿ ಇವತ್ತು ಓಡಾಡುವ ಪತ್ನಿ ಬೇರೆ. ನಮಗೆ ಪತ್ನಿ ಎಂದರೆ ಯಾರದೋ ಹೆಂಡತಿ. ಆ ಅರ್ಥದಲ್ಲಿ ಕೇಳಿಸಿಕೊಂಡವರಿಗೆ ಸಿಟ್ಟು ಬಂದದ್ದು ಸರಿಯೇ.

ಈ ಪದ ಸಂವಿಧಾನಕ್ಕಿಂತ ಹಳೆಯದು. ಸ್ವಾತಂತ್ರ್ಯಕ್ಕೆ ಮುಂಚೆ ಕಾಂಗ್ರೆಸ್ಸಿನ ಅಧ್ಯಕ್ಷರನ್ನು ರಾಷ್ಟ್ರಪತಿ ಎಂದು ಕರೆಯುವ ರೂಢಿ ಇತ್ತು. 1937ರಲ್ಲಿ ನೆಹರೂ ‘ಚಾಣಕ್ಯ’ ಎಂಬ ಗುಪ್ತನಾಮದಲ್ಲಿ ತಮ್ಮ ಬಗ್ಗೆ ತಾವೇ ಒಂದು ಟೀಕೆಯ ಲೇಖನ ಬರೆದರು. ಅದರ ತಲೆಬರಹ ‘ರಾಷ್ಟ್ರಪತಿ’. ಅಷ್ಟು ಹೊತ್ತಿಗಾಗಲೇ ಮೂವರು ಹೆಂಗಸರು ಕಾಂಗ್ರೆಸ್ ಅಧ್ಯಕ್ಷರಾಗಿದ್ದರು: 1917ರಲ್ಲಿ ಆನಿ ಬೆಸೆಂಟ್, 1925ರಲ್ಲಿ ಸರೋಜಿನಿ ನಾಯ್ಡು, 1933ರಲ್ಲಿ ನೆಲ್ಲಿ ಸೇನ್‌ಗುಪ್ತ.

ಇನ್ನೊಂದು ಪದವನ್ನು ಪಕ್ಕಕ್ಕಿಟ್ಟು ನೋಡಿ, ವಿಚಿತ್ರ ಅನಿಸುತ್ತದೆ. 1966ರಲ್ಲಿ ಇಂದಿರಾ ಗಾಂಧಿ ಪ್ರಧಾನಮಂತ್ರಿಯಾದರು. ‘ಮಂತ್ರಿ’ಯೂ ಸಂಸ್ಕೃತದಲ್ಲಿ ಗಂಡು ರೂಪವೇ. ಹೆಣ್ಣಿಗೆ ‘ಮಂತ್ರಿಣಿ’ ಎಂಬ ಪದ ಸಿದ್ಧವಾಗಿಯೇ ಇದೆ. ಲಲಿತಾ ಸಹಸ್ರನಾಮ ಹೇಳುವ ಮನೆಗಳಲ್ಲಿ ‘ಮಂತ್ರಿಣೀನ್ಯಸ್ತರಾಜ್ಯಧೂಃ’ ಎಂಬ ಹೆಸರು ಕೇಳಿರುತ್ತೀರಿ. ರಾಜ್ಯದ ಭಾರವನ್ನು ಮಂತ್ರಿಣಿಗೆ ವಹಿಸಿದವಳು ಎಂದರ್ಥ. ದೇವಲೋಕದಲ್ಲಿ ಮಂತ್ರಿಣಿ ಇದ್ದರೂ ಇಂದಿರಾರನ್ನು ಯಾರೂ ಹಾಗೆ ಕರೆಯಲಿಲ್ಲ, ಕರೆಯಬೇಕು ಎಂದೂ ಹಟ ಹಿಡಿಯಲಿಲ್ಲ. ಮಂತ್ರಿ ಎಂದಾಗ ಕಿವಿಗೆ ಗಂಡು ಕೇಳಿಸಲಿಲ್ಲ. ಪತಿ ಎಂದಾಗ ಗಂಡ ಕೇಳಿಸಿದ, ಅಷ್ಟೇ.

ಬೇರೆ ಕಡೆ ಬೇರೆ ದಾರಿ. ಜರ್ಮನ್ ಭಾಷೆಯಲ್ಲಿ ಹುದ್ದೆಯ ಹೆಸರಿಗೆ ‘ಇನ್’ ಸೇರಿಸಿದರೆ ಹೆಣ್ಣಾಗುತ್ತದೆ. 2005ರಲ್ಲಿ ಆಂಗೆಲಾ ಮರ್ಕೆಲ್ ಚಾನ್ಸಲರ್ ಆದಾಗ ‘ಬುಂಡೆಸ್‌ಕಾನ್ಸ್‌ಲರಿನ್’ ಎಂಬುದೇ ಅಲ್ಲಿ ವರ್ಷದ ಪದವಾಗಿ ಆಯ್ಕೆಯಾಯಿತು. ನಮ್ಮ ಪಕ್ಕದ ಓರುಗಲ್ಲಿನಲ್ಲಿ, ಅಂದರೆ ಈಗಿನ ವಾರಂಗಲ್‌ನಲ್ಲಿ, ಹದಿಮೂರನೇ ಶತಮಾನದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ನಡೆದಿತ್ತು. ಕಾಕತೀಯ ರಾಣಿ ರುದ್ರಮದೇವಿ ಶಾಸನಗಳಲ್ಲಿ ‘ರುದ್ರದೇವ ಮಹಾರಾಜ’ ಎಂದು ಕಾಣಿಸಿಕೊಳ್ಳುತ್ತಾಳೆ. ಸಿಂಹಾಸನಕ್ಕೆ ತಕ್ಕಂತೆ ಹೆಸರನ್ನೇ ಗಂಡು ಮಾಡಿಕೊಂಡಳು. ಅವಳಿಗಿಂತ ಸುಮಾರು ಇನ್ನೂರು ವರ್ಷ ಹಿಂದೆ ಕನ್ನಡನಾಡಿನಲ್ಲಿ ಚಾಲುಕ್ಯರ ಅಕ್ಕಾದೇವಿ ಕಿಸುಕಾಡನ್ನು ಆಳಿದಳು, ಗೋಕಾಗೆಯ (ಈಗಿನ ಗೋಕಾಕ) ಕೋಟೆಗೆ ಮುತ್ತಿಗೆ ಹಾಕಿದಳು. ಅವಳಿಗೆ ಶಾಸನ ಕೊಟ್ಟ ಬಿರುದು ‘ಗುಣದ ಬೆಡಂಗಿ’. ಬೆಡಂಗಿ ಎಂದರೆ ಚೆಲುವೆ. ಹೆಣ್ಣು ಪದವೇ, ಅದೂ ಅಚ್ಚಗನ್ನಡದ್ದು. ಈ ಬಿರುದು ನನಗೆ ತುಂಬಾ ಇಷ್ಟ.

ಕನ್ನಡದಲ್ಲಿ ರಾಷ್ಟ್ರಪತಿಯ ತಲೆನೋವು ಅರ್ಧಕ್ಕರ್ಧ ಕಡಿಮೆ. ‘ರಾಷ್ಟ್ರಪತಿಯವರು ಬಂದರು’ ಎಂದರೆ ಮುಗೀತು. ಗೌರವದ ಬಹುವಚನ ಬಂದ ಕೂಡಲೇ ಗಂಡು ಹೆಣ್ಣು ಎರಡೂ ಕರಗಿಹೋಗುತ್ತವೆ. ಹಿಂದಿಯಲ್ಲಿ ಗೌರವ ಕೊಟ್ಟರೂ ‘ಆಯೇ’ ಅನ್ನಬೇಕೋ ‘ಆಯೀಂ’ ಅನ್ನಬೇಕೋ ಎಂದು ಆರಿಸಲೇಬೇಕು. ಗಲಾಟೆ ಅಲ್ಲಿಂದಲೇ ಜಾಸ್ತಿ ಕೇಳಿಬಂದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಹಾಗಂತ ನಾವು ಸುಮ್ಮನಿಲ್ಲ. ಅಧ್ಯಕ್ಷೆ, ಸಚಿವೆ, ಸಂಸದೆ ಎಂದು ಬರೆಯುತ್ತೇವೆ. ಶಾಸಕಿ, ನಾಯಕಿ, ಲೇಖಕಿ ಎಂಬುವು ಸಂಸ್ಕೃತದ ನಿಯಮ ಮುರಿದು ನಾವೇ ಮಾಡಿಕೊಂಡ ರೂಪಗಳು. ಅಲ್ಲಿ ನಾಯಿಕಾ, ಲೇಖಿಕಾ ಆಗಬೇಕಿತ್ತು. ಮುರಿದದ್ದು ಒಳ್ಳೆಯದೇ ಆಯಿತು. ಆದರೆ ‘ಮಹಿಳಾ ನಾಯಕಿ’, ‘ಮಹಿಳಾ ಅಧ್ಯಕ್ಷೆ’ ಎಂದು ಎರಡೆರಡು ಸಲ ಹೆಣ್ಣು ಎಂದು ಸಾರುವುದು ಯಾಕೋ ಗೊತ್ತಿಲ್ಲ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯ ಸ್ಪೀಕರ್ ಆಗಿದ್ದರು, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ‘ಸಭಾಧ್ಯಕ್ಷರೇ’ ಎಂದರೆ ಗಂಡಿಗೂ ಆಯಿತು, ಹೆಣ್ಣಿಗೂ ಆಯಿತು. ಕನ್ನಡಕ್ಕೆ ಅಷ್ಟು ಸಾಕು.

ಈಗ ದಿಲ್ಲಿಯಿಂದ ಹಳ್ಳಿಗೆ ಬರೋಣ. ‘ಪತಿ’ಗೆ ನಿಜವಾಗಿ ಗಂಡ ಎಂಬ ಅರ್ಥ ಬಂದು ಅಧಿಕಾರದ ಕುರ್ಚಿಯ ಮೇಲೆ ಕೂತಿರುವುದು ಇಲ್ಲಿ. ಉತ್ತರದಲ್ಲಿ ಇದಕ್ಕೆ ‘ಸರಪಂಚ್ ಪತಿ’, ‘ಪ್ರಧಾನ್ ಪತಿ’ ಎನ್ನುತ್ತಾರೆ. ನಮ್ಮ ಕಡೆ ‘ಅಧ್ಯಕ್ಷರ ಯಜಮಾನ್ರು’. ಹೆಂಡತಿ ಗೆದ್ದಿರುತ್ತಾಳೆ, ಗಂಡ ಸಭೆ ನಡೆಸುತ್ತಾನೆ. ಕೆಲವು ಊರಲ್ಲಿ ಅವನನ್ನೇ ‘ಅಧ್ಯಕ್ಷ್ರೇ’ ಎಂದು ಕರೆಯುತ್ತಾರೆ. ಗೆದ್ದವಳು ‘ಅಧ್ಯಕ್ಷರ ಹೆಂಡ್ತಿ’ ಆಗಿಬಿಡುತ್ತಾಳೆ.

ಈ ‘ಯಜಮಾನ’ನ ಕಥೆಯೂ ಪತಿಯ ಕಥೆಯಂಥದ್ದೇ. ಯಜ್ಞ ಮಾಡಿಸುವವನು ಯಜಮಾನ. ಆಮೇಲೆ ಒಡೆಯ ಆದ, ಆಮೇಲೆ ಗಂಡ ಆದ. ಆದರೆ ಇಲ್ಲಿ ಸರ್ಕಾರಿ ಕಾಗದ ಪದವನ್ನು ವಾಪಸ್ ಎಳೆದಿದೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. 2023ರಲ್ಲಿ ಗೃಹಲಕ್ಷ್ಮಿ ಬಂತು, ತಿಂಗಳಿಗೆ 2,000 ರೂಪಾಯಿ ‘ಮನೆ ಯಜಮಾನಿ’ಗೆ. ಯಜಮಾನಿ ಯಾರು ಎಂದು ಅತ್ತೆ ಸೊಸೆ ಮಧ್ಯೆ ಅಲ್ಲಲ್ಲಿ ಮಾತುಕತೆ ಆಯಿತು, ನಿಜ. ಗಂಡನ ಹೆಸರು ಮಾತ್ರ ಆ ಮಾತಿನಲ್ಲಿ ಬರಲಿಲ್ಲ.

ಪಂಚಾಯಿತಿಗೆ ಹೆಂಗಸರು ಬಂದದ್ದು ಕರ್ನಾಟಕದಲ್ಲಿ ಬೇರೆ ಕಡೆಗಿಂತ ಮುಂಚೆ. 1983ರ ಕಾಯ್ದೆ ಅವರಿಗೆ ನೂರಕ್ಕೆ 25 ಸ್ಥಾನ ಇಟ್ಟಿತು, ಅದರ ಪ್ರಕಾರ 1987ರಲ್ಲಿ ಚುನಾವಣೆ ನಡೆಯಿತು. ಆಗ ಪಂಚಾಯಿತಿ ಖಾತೆ ಅಬ್ದುಲ್ ನಜೀರ್ ಸಾಬ್ ಅವರ ಕೈಯಲ್ಲಿತ್ತು. ಹಳ್ಳಿಗಳಿಗೆ ಬೋರ್‌ವೆಲ್ ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡವರು. ಇಡೀ ದೇಶಕ್ಕೆ ಮೂರನೇ ಒಂದು ಪಾಲು ಕಡ್ಡಾಯವಾದದ್ದು 1993ರ ಏಪ್ರಿಲ್ 24ರಂದು, ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಾಗ. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. 2015ರ ಪಂಚಾಯತ್ ರಾಜ್ ದಿನದಂದು ಪ್ರಧಾನಿಯೇ ‘ಸರಪಂಚ್ ಪತಿ’ ಪದ್ಧತಿ ನಿಲ್ಲಬೇಕು ಎಂದರು. ಕೇಂದ್ರದ ಒಂದು ಸಲಹಾ ಸಮಿತಿ 2025ರಲ್ಲಿ ಇಂಥ ಗಂಡಂದಿರಿಗೆ ಕಠಿಣ ದಂಡ ಆಗಬೇಕು ಎಂದು ಶಿಫಾರಸು ಮಾಡಿತು.

ನನಗೆ ಒಂದು ತಕರಾರಿದೆ. ಗಂಡಸು ಅಧ್ಯಕ್ಷರಾದ ಎಷ್ಟೋ ಪಂಚಾಯಿತಿಗಳನ್ನೂ ಹಿಂದೆ ನಿಂತು ನಡೆಸುವುದು ಊರಿನ ದೊಡ್ಡ ಜಮೀನುದಾರನೋ ಗುತ್ತಿಗೆದಾರನೋ ಆಗಿರುತ್ತಾನೆ. ಅದಕ್ಕೆ ಒಂದು ಪದ ಹುಟ್ಟಿಲ್ಲ, ಅದರ ಮೇಲೆ ಜೋಕೂ ಇಲ್ಲ. ಹೆಂಗಸು ಕೂತ ಕಡೆ ಮಾತ್ರ ಪದ ಸಿಗುತ್ತದೆ. ಇನ್ನೊಂದು, ಮೀಸಲಾತಿ ಸರದಿಯ ಮೇಲೆ ತಿರುಗುತ್ತದೆ. ಮೊದಲ ವರ್ಷ ಗಂಡನ ಹಿಂದೆ ಕೂತವಳು ನಿಧಾನಕ್ಕೆ ಕಾಮಗಾರಿ, ಬಿಲ್ಲು, ಗ್ರಾಮಸಭೆ ಎಲ್ಲ ಕಲಿತಿರುತ್ತಾಳೆ. ಅಷ್ಟರಲ್ಲಿ ಆ ಸ್ಥಾನ ಬೇರೆ ವರ್ಗಕ್ಕೆ ಹೋಗಿರುತ್ತದೆ.

ಮೊದಲೆಲ್ಲ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು, ಆಮೇಲೆ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಈಗ ಸಹಿ ಡಿಜಿಟಲ್ ಆಗಿದೆ. ಪೆನ್‌ಡ್ರೈವ್‌ನಷ್ಟು ಚಿಕ್ಕ ಒಂದು ಕೀ, ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ದುಡ್ಡು ಬಿಡುಗಡೆ. ನಿಮ್ಮೂರ ಪಂಚಾಯಿತಿ ಕಡೆ ಹೋದಾಗ ಆ ಕೀ ಅಧ್ಯಕ್ಷೆಯ ಪರ್ಸಿನಲ್ಲಿದೆಯೋ, ಯಜಮಾನರ ಅಂಗಿ ಜೇಬಿನಲ್ಲಿದೆಯೋ ಒಮ್ಮೆ ವಿಚಾರಿಸಿ ನೋಡಿ.